ಕೊನೆಯ ತಂಡಕ್ಕೆ ಮೊದಲ ಸರದಿ

ಐದು ಮಂದಿ ಗಂಡಸರು. ಒಬ್ಬೊಬ್ಬನ ಕೈಯಲ್ಲೂ ಒಂದೊಂದು ರಟ್ಟಿನ ಹಲಗೆ, ಅದಕ್ಕೆ ಸಿಕ್ಕಿಸಿದ ಕಾಗದ. ಮಂಜುಗಡ್ಡೆಯ ಅಂಗಣದ ಬದಿಯಲ್ಲಿ ನಿಂತು, ಹನ್ನೊಂದು ಹನ್ನೆರಡು ವರ್ಷದ ಮಕ್ಕಳು ಕೋಲು ಹಿಡಿದು ಜಾರುವುದನ್ನು ನೋಡಿ ಏನೇನೋ ಬರೆದುಕೊಳ್ಳುತ್ತಿದ್ದರು. ಮಕ್ಕಳ ಬೆನ್ನ ಮೇಲೆ ನಂಬರ್. ಹೆಸರು ಯಾರಿಗೂ ಬೇಡ, ನಂಬರ್ ಸಾಕು. ಸೆಪ್ಟೆಂಬರ್ ತಿಂಗಳು, ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವ ಬಿಸಿಲು. ಒಳಗೆ ನಾನು ಎರಡು ಸ್ವೆಟರ್ ಹಾಕಿ, ತಲೆಗೆ ಮಫ್ಲರ್ ಸುತ್ತಿ, ಕಬ್ಬಿಣದ ಬೆಂಚಿನ ಮೇಲೆ ಕುಳಿತಿದ್ದೆ. ದುಬೈಯಲ್ಲಿ ಶುಕ್ರವಾರ ರಜೆ; ನಮ್ಮ ಪೂಜೆಯೂ ಅಂದೇ. ಇವರ ಆಟದಿಂದಾಗಿ ನಾನು ಮೂರು ವಾರ ಗುರುವಾರ ಸಂಜೆಯೇ ಇಗರ್ಜಿಗೆ ಹೋಗಿ ಬರಬೇಕಾಯಿತು. ದೇವರು ಗುರುವಾರಕ್ಕೆ ಒಪ್ಪಿಕೊಂಡ. ಆ ಐವರು ಶುಕ್ರವಾರ ಬಿಟ್ಟು ಬೇರೆ ದಿನಕ್ಕೆ ಒಪ್ಪಲಿಲ್ಲ.

ಇಪ್ಪತ್ತೇಳನೆಯ ನಂಬರ್ ನನ್ನ ಮಗಳ ಮಗಳು. ಆಗ ಅವಳಿಗೆ ಹನ್ನೆರಡು. ಎಂಟು ವರ್ಷದವಳಿದ್ದಾಗ ಶಾಲೆಯ ಯಾರದೋ ಹುಟ್ಟುಹಬ್ಬಕ್ಕೆಂದು ಮಾಲ್‌ಗೆ ಹೋಗಿ, ಅಲ್ಲಿ ಮೊದಲ ಸಲ ಮಂಜಿನ ಮೇಲೆ ನಿಂತಳು. ಉಳಿದ ಮಕ್ಕಳು ಕಂಬಿ ಹಿಡಿದು ಅಳುತ್ತಿದ್ದರು, ಇವಳು ಕಂಬಿ ಬಿಟ್ಟಳು. ಅಂದಿನಿಂದ ಶುರುವಾದದ್ದು ಈ ಹುಚ್ಚು. ಐಸ್ ಹಾಕಿ ಎಂದರೆ ಏನು ಎಂದು ನನಗೆ ಈಗಲೂ ಪೂರ್ತಿ ತಿಳಿಯದು. ಕರಿಯ ರಬ್ಬರಿನ ಬಿಲ್ಲೆಯೊಂದನ್ನು ಕೋಲಿನಿಂದ ಅಟ್ಟಿಸಿಕೊಂಡು ಹೋಗಿ ಬಲೆಗೆ ಹಾಕಬೇಕು, ಅಷ್ಟೆ. ಅದಕ್ಕೆ ಮೈತುಂಬ ಹಾಸಿಗೆ ಕಟ್ಟಿಕೊಂಡ ಹಾಗೆ ಉಡುಪು.

ಮಿರ್ದಿಫ್‌ನಲ್ಲಿ ಎರಡು ಕೋಣೆಯ ಫ್ಲಾಟು ನಮ್ಮದು. ಮಗಳು ಆಸ್ಪತ್ರೆಯಲ್ಲಿ ನರ್ಸ್, ಶಿಫ್ಟ್ ಕೆಲಸ. ಅಳಿಯ ಹೋಟೆಲಿನ ಬುಕಿಂಗ್ ಆಫೀಸಿನಲ್ಲಿ, ವಾರದಲ್ಲಿ ಆರು ದಿನ. ನಾನು ಹಿಂದೆ ಅರಬಿ ಮನೆಯೊಂದರಲ್ಲಿ ಹದಿನಾರು ವರ್ಷ ಅಡುಗೆ ಮಾಡಿದವಳು. ಕೈಲಾಗದ ಮೇಲೆ ಇವರ ವೀಸಾದಲ್ಲಿ ಇವರ ಮನೆಯಲ್ಲಿ ಕುಳಿತೆ. ಮನೆಯಲ್ಲಿ ಎಲ್ಲರಿಗೂ ನಾನು ಮಾಂಯ್. ಮಗಳು ತಾಯಿ ಎಂದು ಕರೆದದ್ದನ್ನು ಅಳಿಯ ಕಲಿತ, ಅವನಿಂದ ಮೊಮ್ಮಗಳು ಕಲಿತಳು. ಹುಡುಗಿಯನ್ನು ಆಟಕ್ಕೆ ಕರೆದೊಯ್ಯುವುದು, ಸ್ಕೇಟಿನ ದಾರ ಬಿಗಿಯುವುದು ನನ್ನ ಪಾಲಿನ ಕೆಲಸ. ದಾರ ಬಿಗಿಯಲು ಕೈಯಲ್ಲಿ ಬಲ ಬೇಕು. ಬೇರೆ ಮಕ್ಕಳ ಅಮ್ಮಂದಿರು ಉಗುರು ಕಾಪಾಡಿಕೊಂಡು ಎಳೆಯುತ್ತಿದ್ದರು, ಅರ್ಧ ಗಂಟೆಯಲ್ಲಿ ಸಡಿಲ. ನಾನು ಬಿಗಿದದ್ದನ್ನು ಬಿಚ್ಚಲು ನನ್ನನ್ನೇ ಕರೆಯಬೇಕಿತ್ತು.

ಆ ವರ್ಷ ಡ್ರಾಫ್ಟ್ ಎಂಬ ಹೊಸ ರಗಳೆ ಬಂತು. ಅದುವರೆಗೆ ಮಕ್ಕಳು ತಮಗೆ ಬೇಕಾದ ತಂಡದಲ್ಲಿ ಆಡುತ್ತಿದ್ದರು. ಇನ್ನು ಹಾಗಿಲ್ಲ ಎಂದರು. ನಾಲ್ಕು ತಂಡ, ನಾಲ್ಕು ಕೋಚ್, ಅವರ ಮೇಲೆ ಒಬ್ಬ ಮುಖ್ಯಸ್ಥ. ಐವರೂ ಸೇರಿ ಮೂರು ಶುಕ್ರವಾರ ಮಕ್ಕಳನ್ನು ನೋಡುವುದು, ಒಂದರಿಂದ ನಲವತ್ತರವರೆಗೆ ಸ್ಥಾನ ಕೊಟ್ಟು ಪಟ್ಟಿ ಮಾಡುವುದು. ನಾಲ್ಕನೆಯ ಶುಕ್ರವಾರ ಕೋಚ್‌ಗಳು ಮೇಜಿನ ಸುತ್ತ ಕುಳಿತು ಸರದಿಯ ಪ್ರಕಾರ ಒಬ್ಬೊಬ್ಬರನ್ನೇ ತಮ್ಮ ತಂಡಕ್ಕೆ ಕರೆಯುವುದು.

ಪಟ್ಟಿ ಎಂದ ಕೂಡಲೇ ನನ್ನ ಅಳಿಯನ ಕಿವಿ ನೆಟ್ಟಗಾಯಿತು.

ಅವನ ಕತೆ ಹೇಳಬೇಕು. ಹುಡುಗನಾಗಿದ್ದಾಗ ಇಂಜಿನಿಯರಿಂಗ್ ಸೀಟಿಗೆ ಸಿಇಟಿ ಬರೆದವನು. ಕೌನ್ಸೆಲಿಂಗ್‌ಗೆಂದು ತಂದೆಯ ಜೊತೆ ಬೆಂಗಳೂರಿಗೆ ಹೋಗಿ ದೊಡ್ಡ ಹಾಲ್‌ನಲ್ಲಿ ಎರಡು ದಿನ ಕುಳಿತಿದ್ದನಂತೆ. ಮೊದಲ ರ‍್ಯಾಂಕಿನವರು ಮೊದಲು ಹೋಗಿ ಬೇಕಾದ ಕಾಲೇಜು ಆರಿಸಿಕೊಳ್ಳುವುದು, ಆಮೇಲೆ ಎರಡನೆಯವರು, ಆಮೇಲೆ ಮೂರನೆಯವರು. ಇವನ ನಂಬರ್ ಕೂಗುವಷ್ಟರಲ್ಲಿ ಸೀಟೆಲ್ಲ ಮುಗಿದು, ಯಾವುದೋ ಕೇಳಿಲ್ಲದ ಊರಿನ ಕೇಳಿಲ್ಲದ ಕಾಲೇಜು ಉಳಿದಿತ್ತು. ಬಿ.ಕಾಂ. ಮಾಡಿ ಗಲ್ಫಿಗೆ ಬಂದ. ಬಂದು ಚೆನ್ನಾಗಿಯೇ ಇದ್ದಾನೆ, ಯಾರ ಹಂಗಿನಲ್ಲೂ ಇಲ್ಲ. ಆದರೂ ಆ ಹಾಲ್‌ನಿಂದ ಅವನು ಈವರೆಗೆ ಎದ್ದು ಹೊರಗೆ ಬಂದಿಲ್ಲ ಎಂದು ನನಗೆ ಅನ್ನಿಸುತ್ತದೆ.

ಹಾಗಾಗಿ ಡ್ರಾಫ್ಟ್ ಎಂದರೆ ಅವನು ಅರ್ಥ ಮಾಡಿಕೊಂಡದ್ದು ಹೀಗೆ: ಒಂದನೇ ರ‍್ಯಾಂಕ್ ಬಂದರೆ ನಮಗೆ ಬೇಕಾದ ತಂಡ ನಾವೇ ಆರಿಸಬಹುದು. ಮನೆಯಿಂದ ಇಪ್ಪತ್ತು ನಿಮಿಷದ ತಂಡ, ಒಳ್ಳೆಯ ಕೋಚ್, ಕಳೆದ ವರ್ಷ ಗೆದ್ದವರು. ಯಾರನ್ನೂ ಕೇಳಲಿಲ್ಲ. ಕೇಳುವುದಕ್ಕೆ ಏನಿದೆ, ರ‍್ಯಾಂಕ್ ಎಂದರೆ ರ‍್ಯಾಂಕ್.

ಹುಡುಗಿಗೆ ಬೆಳಗ್ಗೆ ನೆನೆಸಿದ ಬಾದಾಮಿ ಶುರುವಾಯಿತು. ಅವಳು ಓಡುವುದು, ಅವನು ಗಡಿಯಾರ ಹಿಡಿದು ಫ್ಲಾಟಿನ ಕೆಳಗಿನ ಪಾರ್ಕಿಂಗ್‌ನಲ್ಲಿ ನಿಲ್ಲುವುದು. ಎರಡನೆಯ ಶುಕ್ರವಾರ ಮುಗಿದಾಗ ಅಂಗಣದ ಗಾಜಿಗೆ ಅದುವರೆಗಿನ ಪಟ್ಟಿ ಅಂಟಿಸಿದರು. ಇಪ್ಪತ್ತೇಳು ಮೂರನೆಯದಾಗಿತ್ತು. ನಲವತ್ತು ಮಕ್ಕಳಲ್ಲಿ ಹೆಣ್ಣುಮಕ್ಕಳು ಐವರೇ, ಅಂಥದ್ದರಲ್ಲಿ ಇಡೀ ಪಟ್ಟಿಗೆ ಮೂರನೆಯ ಸ್ಥಾನ. ನಾನಾದರೆ ಆ ದಿನ ಎಲ್ಲರಿಗೂ ಪಾಯಸ ಮಾಡುತ್ತಿದ್ದೆ. ಅಳಿಯನ ಮುಖ ಹುಳಿ ತಿಂದ ಹಾಗಾಯಿತು. ಒಂದನೆಯದು ಆಳುದ್ದದ ಒಬ್ಬ ಹುಡುಗ, ಎರಡನೆಯದು ಒಬ್ಬ ಕೋಚ್‌ನ ಮಗ. ಇದರಲ್ಲಿ ಏನೋ ರಾಜಕೀಯ ಇದೆ ಎಂದ.

ಮಾರನೆಯ ವಾರ ಅವನೊಂದು ಫೈಲ್ ಮಾಡಿದ. ಶಾಲೆಯ ಮಾರ್ಕ್ಸ್ ಕಾರ್ಡು, ಈಜಿನ ಸರ್ಟಿಫಿಕೇಟು, ಇಗರ್ಜಿಯ ಕ್ಯಾಟೆಕಿಸಂ ಪರೀಕ್ಷೆಯಲ್ಲಿ ಬಹುಮಾನ ಬಂದ ಫೋಟೋ, ಚುಚ್ಚುಮದ್ದಿನ ಕಾಗದ. ಎಲ್ಲದಕ್ಕೂ ಪ್ಲಾಸ್ಟಿಕ್ ಹೊದಿಕೆ. ಅದನ್ನು ಮುಖ್ಯಸ್ಥನಿಗೆ ಎರಡು ಕೈಯಲ್ಲಿ ಕೊಟ್ಟ. ಆ ಮನುಷ್ಯ ಸೋರುವ ಮೀನಿನ ಪೊಟ್ಟಣ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು, ಎಲ್ಲಿಡುವುದೆಂದು ತಿಳಿಯದೆ ಕಡೆಗೆ ತನ್ನ ನೀರಿನ ಬಾಟಲಿಯ ಅಡಿಗೆ ಇಟ್ಟುಕೊಂಡ. ಚುಚ್ಚುಮದ್ದಿನ ಕಾಗದ ನೋಡಿ ಯಾರು ಗೋಲು ಹಾಕುತ್ತಾರೆ?

ನಾನು ಗಂಡ ಸತ್ತ ಮೇಲೆ ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಹೆಂಚು ಆರಿಸಿದವಳು. ಸುಟ್ಟು ಬಂದ ಹೆಂಚನ್ನು ಬೆರಳ ಗಂಟಿನಿಂದ ಬಡಿದರೆ ಸದ್ದೇ ಹೇಳುತ್ತದೆ. ಒಂದನೆಯ ದರ್ಜೆ ಈ ಕಡೆ, ಎರಡನೆಯದು ಆ ಕಡೆ, ಬಿರುಕು ಬಿಟ್ಟದ್ದು ಹಿಂದೆ. ಮೇಸ್ತ್ರಿ ಬಂದು ನೋಡಿದರೆ ನಾನು ಇಟ್ಟ ರಾಶಿಯಲ್ಲಿ ಒಂದನ್ನೂ ಬದಲಿಸುತ್ತಿರಲಿಲ್ಲ. ಮೂರು ತರಗತಿ ಓದಿದವಳಿಗೆ ಅಷ್ಟು ಬರುತ್ತಿತ್ತು. ಈ ಐವರು ಮೂರು ವಾರ ನೋಡಿದರು, ಬರೆದರು, ಗುಟ್ಟಾಗಿ ಮಾತಾಡಿದರು. ಹೆಂಚಿಗೆ ಅಪ್ಪ ಇರುವುದಿಲ್ಲ, ಅದು ಇವರ ಕಷ್ಟ ಎಂದು ಆಗ ಅಂದುಕೊಂಡೆ.

ನಿಜ ಹೇಳಿದವಳು ಭಟ್ಕಳದ ಹೆಂಗಸು. ಅವಳ ಮಗನೂ ಆ ನಲವತ್ತರಲ್ಲಿ ಒಬ್ಬ. ಗಂಡನಿಗೆ ರಾಸ್ ಅಲ್ ಖೋರ್‌ನಲ್ಲಿ ಗಾಡಿಯ ಬಿಡಿಭಾಗದ ಅಂಗಡಿ, ಮನೆ ಅಲ್ ಮುರಕ್ಕಬಾತ್‌ನಲ್ಲಿ. ಮನೆಯಲ್ಲಿ ಅವರದು ನವಾಯತಿ, ನಮ್ಮದು ಕೊಂಕಣಿ. ನಾವಿಬ್ಬರು ಕುಳಿತರೆ ಕನ್ನಡ. ಬುರ್ಖಾದ ಮೇಲೆ ಗಂಡನ ಕೋಟು ಹಾಕಿಕೊಂಡು ಬಂದು ನನ್ನ ಪಕ್ಕ ಕೂರುತ್ತಿದ್ದಳು. ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದಳು, ಒಳ್ಳೆಯ ಚಹಾ. ಮೂರನೆಯ ಶುಕ್ರವಾರಕ್ಕೆ ಎರಡು ದಿನ ಮೊದಲು ಅಭ್ಯಾಸಕ್ಕೆಂದು ಬಂದಾಗ ಅವಳ ಮಗ ಆಕಳಿಸುತ್ತ ಜಾರುತ್ತಿದ್ದ. ಅವನಿಗೆ ಹುಷಾರಿಲ್ಲವಾ ಎಂದು ಕೇಳಿದೆ.

"ಹುಷಾರಿದ್ದಾನೆ ಬಾಯಮ್ಮ. ಅವನ ಬಾಪ್ಪ ಮೂರು ವಾರದಿಂದ ಬ್ಲೇಡ್ ಹರಿತ ಮಾಡಿಸ್ಲಿಲ್ಲ" ಎಂದಳು. "ನಾವು ಅಂಗಡಿಯವರು. ಒಳ್ಳೇ ಮಾಲು ಎದುರು ಇಡುದಿಲ್ಲ."

ಯಾಕೆ ಎಂದು ಕೇಳಿದಾಗ ಬಿಡಿಸಿ ಹೇಳಿದಳು. ಆರಿಸುವವರು ನಾವಲ್ಲ, ಕೋಚ್‌ಗಳು. ಕಳೆದ ವರ್ಷ ಕೊನೆಗೆ ಬಂದ ತಂಡಕ್ಕೆ ಮೊದಲ ಸರದಿ. ಸೋತವರಿಗೆ ಒಳ್ಳೆಯವರು ಸಿಗಲಿ ಎಂದು. ಕಳೆದ ವರ್ಷ ಕೊನೆಗೆ ಬಂದದ್ದು ಅಬುಧಾಬಿಯ ತಂಡ. ಅವರಿಗೆ ಅಲ್ಲಿಯ ಮಕ್ಕಳೇ ಇದ್ದಾರೆ, ಈ ವರ್ಷ ಒಂದು ಮಗು ಮಾತ್ರ ಕಡಿಮೆ. ಆ ಒಂದನ್ನು ದುಬೈಯ ಪಟ್ಟಿಯಿಂದ ಎಲ್ಲರಿಗಿಂತ ಮೊದಲು ಅವರು ಕರೆಯುತ್ತಾರೆ. ಪ್ರಾಕ್ಟೀಸ್ ಅಬುಧಾಬಿಯಲ್ಲಿ, ವಾರಕ್ಕೆ ಎರಡು ಸಲ.

"ಬೇಡ ಅಂದ್ರೆ?"

"ಬೇಡ ಅಂದ್ರೆ ಆ ವರ್ಷ ಖಲಾಸ್. ಬೇರೆ ತಂಡ ಇಲ್ಲ, ಮನೇಲಿ ಕೂತ್ಕೊಳ್ಳುದು. ನಿಮ್ಮ ಅಳಿಯ ಹುಡುಗಿಯನ್ನು ಮೇಲೆ ಮೇಲೆ ದೂಡ್ತಾ ಇದ್ದಾರಲ್ಲ, ಅವರಿಗೆ ಗೊತ್ತುಂಟಾ ಇದು?"

ಗೊತ್ತಿಲ್ಲ ಎಂದೆ. ಅವಳು ಮುಖ ಆ ಕಡೆ ತಿರುಗಿಸಿದಳು. ನಗು ಬಂದಿರಬೇಕು, ನನ್ನ ಎದುರು ನಗಲಿಲ್ಲ. ಅಷ್ಟು ಮರ್ಯಾದೆ ಅವಳಿಗಿತ್ತು.

ಅಬುಧಾಬಿಗೆ ನಮ್ಮ ಮನೆಯಿಂದ ಯಾರು ಕರೆದೊಯ್ಯುವುದು? ಮಗಳಿಗೆ ಡ್ರೈವಿಂಗ್ ಬಾರದು, ಅಳಿಯ ಆಫೀಸಿನಿಂದ ಬರುವಾಗಲೇ ಏಳು ಗಂಟೆ. ಆ ತಂಡದವರು ಕರೆದರೆ ಹುಡುಗಿಯ ಆಟ ಮುಗಿದಂತೆ. ಆ ವಯಸ್ಸಿನಲ್ಲಿ ಒಂದು ವರ್ಷ ಬಿಟ್ಟರೆ ಮತ್ತೆ ಹಿಡಿಯುವುದು ಯಾವಾಗ? ಈ ಆಟ ನನಗೆ ಬೇಕಿರಲಿಲ್ಲ. ಅವಳಿಗೆ ಬೇಕಿತ್ತು. ಬೇರೆ ಯಾವುದಕ್ಕೂ ಎರಡು ಸಲ ಕರೆಯದೆ ಏಳದ ಹುಡುಗಿ ಅದಕ್ಕೆ ಮಾತ್ರ ಅಲಾರಂ ಇಲ್ಲದೆ ಏಳುತ್ತಿದ್ದಳು.

ಅಂದು ರಾತ್ರಿ ಅಳಿಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ಎಲ್ಲವನ್ನೂ ಹೇಳಿದೆ. ಅವನು ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ನನ್ನನ್ನು ನೋಡಿ ನಕ್ಕ.

"ಎಲ್ಲಿಯಾದ್ರೂ ಫಸ್ಟ್ ರ‍್ಯಾಂಕ್ ಬಂದವರನ್ನು ಲಾಸ್ಟ್ ಕಾಲೇಜಿಗೆ ಹಾಕ್ತಾರಾ ಮಾಂಯ್?"

"ಇದು ಕಾಲೇಜಲ್ಲ ಪುತಾ. ಒಮ್ಮೆ ಫೋನ್ ಮಾಡಿ ಕೇಳು."

"ಕೇಳಿದ್ರೆ ನಮಗೆ ರೂಲ್ಸ್ ಗೊತ್ತಿಲ್ಲ ಅಂತ ಆಗ್ತದೆ. ಆ ಭಟ್ಕಳದವರಿಗೆ ಕಾಂಪಿಟಿಷನ್. ನಮ್ಮ ಹುಡುಗಿ ಮೇಲೆ ಬರಬಾರದು ಅಂತ ನಿಮ್ಮ ತಲೆಗೆ ತುಂಬಿಸಿದ್ದಾರೆ" ಎಂದು ಮತ್ತೆ ಕಾಲರ್ ತೀಡಲು ಹೊರಟ. ರೂಲ್ಸ್ ಗೊತ್ತಿಲ್ಲ ಎಂದು ತೋರಿಸಿಕೊಳ್ಳಬಾರದು ಎಂದು ರೂಲ್ಸನ್ನೇ ತಿಳಿದುಕೊಳ್ಳದ ಮನುಷ್ಯನಿಗೆ ನಾನು ಇನ್ನೇನು ಹೇಳಲಿ? ಓದಿದವರ ದಡ್ಡತನ ಗಟ್ಟಿ, ಓದದವರ ಮಾತಿಗೆ ಕರಗುವುದಿಲ್ಲ.

ಹುಡುಗಿ ಬಾಲ್ಕನಿಯಲ್ಲಿ ತನ್ನ ಉಡುಪು ಹರಡುತ್ತಿದ್ದಳು. ಆ ಕೈಗವಸುಗಳ ವಾಸನೆಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಒಣಮೀನಿಗಾದರೂ ಒಂದು ಮರ್ಯಾದೆ ಇದೆ. ಮೂಗಿಗೆ ಸೆರಗು ಹಿಡಿದು, ಭಟ್ಕಳದವಳು ಹೇಳಿದ್ದನ್ನೇ ಅವಳಿಗೂ ಹೇಳಿದೆ.

"ಎವ್ರಿಬಡಿ ನೋಸ್, ಮಾಂಯ್" ಎಂದಳು.

ಎಲ್ಲ ಮಕ್ಕಳಿಗೂ ಗೊತ್ತಿತ್ತು. ಕೋಚ್‌ಗಳ ಮಕ್ಕಳಿಗಂತೂ ಇನ್ನೂ ಚೆನ್ನಾಗಿ ಗೊತ್ತಿತ್ತು. ಕೋಚ್‌ನ ಮಗ ಅಪ್ಪನ ತಂಡಕ್ಕೇ ಹೋಗುತ್ತಾನೆ. ಆದರೆ ಮಗ ಪಟ್ಟಿಯಲ್ಲಿ ಮೇಲಿದ್ದರೆ ಅಪ್ಪ ತನ್ನ ಮೊದಲ ಸರದಿಯನ್ನು ಅವನಿಗೇ ಕೊಡಬೇಕು, ಕೆಳಗಿದ್ದರೆ ಕೊನೆಯ ಸರದಿ ಸಾಕು. ಹಾಗಾಗಿ ಈ ಶುಕ್ರವಾರ ನಿಧಾನ ಜಾರು ಎಂದು ಅಪ್ಪಂದಿರೇ ಹೇಳಿದ್ದಾರಂತೆ. ಅಳೆಯುವವರೇ ತಕ್ಕಡಿಗೆ ಕೈ ಹಾಕಿದ್ದರು.

ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಕೈಗವಸನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಹಿ ಈಸ್ ಸೋ ಹ್ಯಾಪಿ" ಎಂದಳು. ಆಮೇಲೆ ನಮ್ಮ ಮಾತಿನಲ್ಲಿ, "ನಾನು ಬೀಳ್ತೇನೆ ಮಾಂಯ್. ನಾಲ್ಕು ಸಲ ಬಿದ್ರೆ ಹತ್ತರಿಂದ ಕೆಳಗೆ ಹೋಗ್ತೇನೆ."

ಬೇಡ ಎನ್ನಬೇಕಿತ್ತೋ ಏನೋ. ನಾನು ಎನ್ನಲಿಲ್ಲ. "ಬೀಳುದಾದ್ರೆ ಮೊಣಕಾಲು ನೋಡಿ ಬೀಳು" ಎಂದೆ. ಅದೇ ನಾನು ಅವಳಿಗೆ ಕೊಟ್ಟ ಬುದ್ಧಿ.

ಮೂರನೆಯ ಶುಕ್ರವಾರದ ನಾಟಕವನ್ನು ನೋಡಬೇಕಿತ್ತು. ನಿಯಮ ತಿಳಿಯದ ಅಪ್ಪಂದಿರ ಮಕ್ಕಳು ಬಾಲಕ್ಕೆ ಬೆಂಕಿ ಬಿದ್ದವರಂತೆ ಹಾರಾಡಿದರು. ತಿಳಿದವರ ಮಕ್ಕಳು ಮದುವೆ ಊಟ ಮುಗಿಸಿದವರಂತೆ ನಡೆದಾಡಿದರು. ಪಟ್ಟಿಯಲ್ಲಿ ಎರಡನೆಯವನಾಗಿದ್ದ ಕೋಚ್‌ನ ಮಗ ಖಾಲಿ ಬಲೆಯ ಎದುರು ನಿಂತು ಬಿಲ್ಲೆಯನ್ನು ಪಕ್ಕಕ್ಕೆ ಹೊಡೆದ. ಅವನ ಅಪ್ಪ ತಲೆ ಅಲ್ಲಾಡಿಸಿ ದುಃಖದಿಂದ ಬರೆದುಕೊಂಡ. ಆ ದುಃಖಕ್ಕೆ ಬಹುಮಾನ ಕೊಡಬಹುದಿತ್ತು. ಭಟ್ಕಳದ ಹುಡುಗ ಒಮ್ಮೆ ನಿಂತು ದಾರ ಕಟ್ಟಿಕೊಂಡ, ಎರಡು ಸಲ ನೀರು ಕುಡಿದ. ಐವರೂ ಗಂಭೀರವಾಗಿ ಹಾಳೆ ತಿರುಗಿಸುತ್ತಿದ್ದರು. ಒಬ್ಬರಿಗೊಬ್ಬರು ಮೋಸ ಮಾಡುತ್ತಿದ್ದೇವೆ ಎಂದು ಎಲ್ಲರಿಗೂ ಗೊತ್ತಿದ್ದು, ಅಷ್ಟು ಶಿಸ್ತಾಗಿ ಬರೆಯುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಳಿಯನೂ ಅಂದು ಬಂದಿದ್ದ. ಗಾಜಿಗೆ ಮೂಗು ಒತ್ತಿ ನಿಂತಿದ್ದ.

ಇಪ್ಪತ್ತೇಳು ಮೊದಲ ಸುತ್ತಿನಲ್ಲಿ ಸರಿಯಾಗಿ ಹೋಯಿತು. ಎರಡನೆಯ ಸುತ್ತಿನಲ್ಲಿ ತಿರುವಿನ ಹತ್ತಿರ ಭುಜದ ಮೇಲಿಂದ ಒಮ್ಮೆ ಹಿಂದೆ ನೋಡಿ, ದೊಪ್ಪೆಂದು ಬಿತ್ತು. ಆಮೇಲೆ ಇನ್ನೊಂದು ಸಲ. ಆಮೇಲೆ ಬಿಲ್ಲೆ ಕಾಲ ಬಳಿಯೇ ಇದ್ದಾಗ. ಪ್ರತಿಸಲವೂ ಮೊದಲು ಹಿಂದೆ ನೋಡುವುದು. ಅಪ್ಪ ನೋಡುತ್ತಿದ್ದಾನೆಂದು ಹುಡುಗಿಗೆ ಹೆದರಿಕೆ ಎಂದುಕೊಂಡೆ. ನಾಲ್ಕನೆಯ ಸಲ ಬಿದ್ದಾಗ ಅಳಿಯ ಗಾಜಿನಿಂದ ಮೂಗು ತೆಗೆದ. ಗಾಜಿನ ಮೇಲೆ ಮೂಗಿನ ಗುರುತು ಮಾತ್ರ ಉಳಿಯಿತು.

ಕೊನೆಯ ಪಟ್ಟಿಯಲ್ಲಿ ಅವಳು ಹನ್ನೊಂದು. ಅಳಿಯ ಊಟ ಬಿಟ್ಟ. ಕಣ್ಣಿನ ಡಾಕ್ಟರಿಗೆ ತೋರಿಸಬೇಕು ಎಂದ, ಸ್ಕೇಟ್ ಸರಿಯಿಲ್ಲ ಎಂದ, ಬಾದಾಮಿ ಕಡಿಮೆಯಾಯಿತು ಎಂದ. ಮಗಳು ಡ್ಯೂಟಿಯಿಂದ ಬಂದು, ಆಟ ತಾನೇ ಎಂದದ್ದಕ್ಕೆ ಅವಳ ಮೇಲೂ ರೇಗಿದ. ನಾನು ಬಂಗುಡೆ ಹುರಿದು ಚೆನ್ನಾಗಿ ಉಂಡೆ. ಆ ಐವರನ್ನೂ, ನನ್ನ ಅಳಿಯನನ್ನೂ ಒಟ್ಟಿಗೆ ಗೆದ್ದೆ ಎಂದು ನನಗೆ ಹೆಮ್ಮೆ.

ನಾಲ್ಕನೆಯ ಶುಕ್ರವಾರ ಅಂಗಣದ ಮೇಲಿನ ಮಹಡಿಯ ಹಾಲ್‌ನಲ್ಲಿ ಡ್ರಾಫ್ಟ್. ಉದ್ದ ಮೇಜಿಗೆ ಬಿಳಿ ಬಟ್ಟೆ ಹಾಸಿ, ನಾಲ್ವರು ಕೋಚ್‌ಗಳ ಎದುರು ನೀರಿನ ಬಾಟಲಿ ಇಟ್ಟಿದ್ದರು. ನಡುವೆ ಮುಖ್ಯಸ್ಥ. ದೇಶದ ಮಂತ್ರಿಮಂಡಲ ಕಟ್ಟುವವರ ಹಾಗೆ ಮುಖ ಮಾಡಿಕೊಂಡಿದ್ದರು. ಮಕ್ಕಳು ನೆಲದ ಮೇಲೆ, ನಾವು ಹಿಂದೆ ಕುರ್ಚಿಗಳಲ್ಲಿ. ಅಳಿಯ ಬರುವುದಿಲ್ಲ ಎಂದವನು ಟೈ ಕಟ್ಟಿಕೊಂಡು ಬಂದಿದ್ದ.

ಅಬುಧಾಬಿಯ ಕೋಚ್ ನನ್ನಷ್ಟೇ ವಯಸ್ಸಿನವನು. ಬಿಳಿಯ ಹುಬ್ಬು, ಸೊಟ್ಟ ಮಂಡಿ, ಮೂರು ಶುಕ್ರವಾರವೂ ಯಾರೊಂದಿಗೂ ಮಾತಾಡದೆ ಒಂದು ಮೂಲೆಯಲ್ಲಿ ನಿಂತಿದ್ದವನು. ಮೊದಲು ಅವನ ಸರದಿ ಎಂದರು. ಎಲ್ಲರೂ ಆಳುದ್ದದ ಹುಡುಗನ ಕಡೆ ನೋಡಿದರು. ಮುದುಕ ಹಾಳೆಯನ್ನು ನೋಡಲಿಲ್ಲ.

"ಟ್ವೆಂಟಿ ಸೆವೆನ್" ಎಂದ.

ಇಂಗ್ಲಿಷಿನ ನಂಬರ್ ಅಷ್ಟು ನನಗೂ ತಿಳಿಯುತ್ತದೆ. ಭಟ್ಕಳದ ಹೆಂಗಸು ನನ್ನ ಕೈ ಹಿಡಿದುಕೊಂಡಳು. ಮುಖ್ಯಸ್ಥ, ಹನ್ನೊಂದನೆಯವಳಾ ಎಂದು ಮತ್ತೊಮ್ಮೆ ಕೇಳಿದ. ಮುದುಕ ಹೌದು ಎಂದ. ಆಗ ನನ್ನ ಅಳಿಯ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದ. ಒಬ್ಬನೇ. ಪಕ್ಕದವರ ಕೈ ಕುಲುಕಿದ. ಆಮೇಲೆ ಮೇಜಿನ ಬಳಿ ಹೋಗಿ, ಟೈ ಸರಿಮಾಡಿಕೊಂಡು, ತುಂಬ ಸಂತೋಷ, ನಾವು ದುಬೈಯ ಒಂದನೆಯ ತಂಡವನ್ನು ಆರಿಸುತ್ತೇವೆ ಎಂದ.

ಹಾಲ್‌ನಲ್ಲಿ ಯಾರೋ ನಕ್ಕರು. ಮುಖ್ಯಸ್ಥ ನಗಲಿಲ್ಲ, ಆರಿಸುವವರು ಕೋಚ್‌ಗಳು, ಅಪ್ಪಂದಿರಲ್ಲ ಎಂದು ನಿಧಾನವಾಗಿ, ಕಿವಿ ಕೇಳದವರಿಗೆ ಹೇಳಿದ ಹಾಗೆ ಹೇಳಿದ. ಅಳಿಯನ ಕಿವಿ ಕೆಂಪಾದದ್ದು ನನಗೆ ಹಿಂದಿನಿಂದ ಕಂಡಿತು. ಅವನು ತಿರುಗಿ ಕುರ್ಚಿಗೆ ಬರಲಿಲ್ಲ, ಬಾಗಿಲ ಕಡೆಗೆ ನಡೆದುಬಿಟ್ಟ. ನನಗೆ ಅವನ ಮೇಲೆ ಕನಿಕರ ಬರಲಿಲ್ಲ, ಸಿಟ್ಟೂ ಬರಲಿಲ್ಲ. ನನ್ನ ತಲೆಯೊಳಗೆ ಒಂದೇ ಪ್ರಶ್ನೆ: ನಾಲ್ಕು ಸಲ ಬಿದ್ದವಳನ್ನು ಯಾಕೆ ಕರೆದ?

ಎಲ್ಲ ಮುಗಿದ ಮೇಲೆ ಹುಡುಗಿಯ ಕೈ ಹಿಡಿದು ಆ ಮುದುಕನ ಎದುರು ನಿಂತೆ. ಕೇಳು ಎಂದೆ. ಅವಳು ತಲೆ ತಗ್ಗಿಸಿ ಕೇಳಿದಳು. ಅವನು ಹೇಳಿದ್ದನ್ನು ತುಂಡು ತುಂಡಾಗಿ ನನಗೆ ಹೇಳಿದಳು, ಅವಳಿಗೆ ನಾಚಿಕೆಯಾಗುತ್ತಿತ್ತು. ಜಾರಲು ಬಾರದವರು ಎಲ್ಲೆಂದರಲ್ಲಿ ಬೀಳುತ್ತಾರೆ, ಅವರ ಮೇಲೆ ಇನ್ನಿಬ್ಬರು ಬೀಳುತ್ತಾರೆ. ಈ ಮಗು ಪ್ರತಿಸಲ ಹಿಂದೆ ಯಾರೂ ಬರುತ್ತಿಲ್ಲವೆಂದು ನೋಡಿಕೊಂಡು ಬಿತ್ತು. ಒಬ್ಬರಿಗೂ ತಾಗಲಿಲ್ಲ. ಬೀಳುವಾಗಲೂ ಯಾರು ಎಲ್ಲಿದ್ದಾರೆ ಎಂದು ತಿಳಿದಿರುವ ಮಗು ಆ ನಲವತ್ತರಲ್ಲಿ ಇನ್ನೊಂದಿಲ್ಲ.

ಸುಳ್ಳುಸುಳ್ಳೇ ಬಿದ್ದದ್ದು ಗೊತ್ತಾಯಿತಾ ಎಂದು ಕೇಳಿಸಿದೆ. ಗೊತ್ತಾಗದೆ ಏನು ಎಂದನಂತೆ. ಅರ್ಧ ಅಂಗಣವೇ ಸುಳ್ಳು ಆಡುತ್ತಿತ್ತು, ಪಟ್ಟಿಯನ್ನು ಅವನು ಓದಿಯೇ ಇರಲಿಲ್ಲ.

ಆಮೇಲೆ ಅವನು ನನ್ನ ಕಡೆ ನೋಡಿ ಇನ್ನೊಂದು ಮಾತು ಹೇಳಿದ. ಹುಡುಗಿ ಅದನ್ನು ಹೇಳಲಿಲ್ಲ. ಹೇಳು ಎಂದು ಕೈ ಜಗ್ಗಿದೆ.

"ಅವರು ಆ ಟಾಲ್ ಹುಡುಗನನ್ನು ತಗೊಳ್ಳಲಿಕ್ಕೆ ಬಂದದ್ದಂತೆ ಮಾಂಯ್. ನಾನು ಬೀಳದಿದ್ರೆ ನನ್ನನ್ನು ನೋಡ್ತಾನೇ ಇರಲಿಲ್ಲವಂತೆ."

ಹನ್ನೆರಡು ವರ್ಷ ಹೆಂಚು ಆರಿಸಿದವಳು ನಾನು. ಅವಳು ಹಿಂದೆ ನೋಡಿದ್ದನ್ನು ನಾಲ್ಕು ಸಲವೂ ಕಂಡೆ, ಹೆದರಿಕೆ ಎಂದು ತೆಗೆದು ಪಕ್ಕಕ್ಕಿಟ್ಟೆ. ಐವರನ್ನು ಅಷ್ಟೆಲ್ಲ ಬೈದ ನನ್ನ ಬಾಯಿಗೆ ಆಗ ಬೈಯಲು ಯಾರೂ ಉಳಿದಿರಲಿಲ್ಲ.

ಮನೆಯಲ್ಲಿ ಮಾತು ಬೇಗ ಮುಗಿಯಿತು. ಮಗಳು ತನ್ನ ಡ್ಯೂಟಿಯ ಪಟ್ಟಿ ತೋರಿಸಿದಳು. ಅಳಿಯ, ಈ ವರ್ಷ ಬಿಡಲಿ, ಮುಂದೆ ನೋಡೋಣ ಎಂದ. ಹುಡುಗಿ ಫೈನ್ ಎಂದು ಕೋಣೆಗೆ ಹೋದಳು. ಬ್ಯಾಗನ್ನು ಮಂಚದ ಕೆಳಗೆ ತಳ್ಳಿದ ಸದ್ದು ಕೇಳಿಸಿತು. ಅಳಲಿಲ್ಲ. ಅತ್ತಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ.

ಅಳಿಯನನ್ನು ಕೂರಿಸಿ ನಿಜ ಹೇಳಿದೆ. ಕಣ್ಣಿನದೂ ಅಲ್ಲ, ಸ್ಕೇಟಿನದೂ ಅಲ್ಲ, ಬೇಕೆಂದೇ ಬಿದ್ದದ್ದು, ನನಗೆ ಮೊದಲೇ ಗೊತ್ತಿತ್ತು ಎಂದೆ.

"ಥರ್ಡ್ ರ‍್ಯಾಂಕಿನಲ್ಲೇ ಇದ್ದಿದ್ರೆ?" ಎಂದು ಕೇಳಿದ.

"ಇಲ್ಲೇ ಆಡ್ತಿದ್ದಳು."

"ನಾನು ಹೇಳಿದ ಹಾಗೆ ಫಸ್ಟ್ ಬಂದಿದ್ರೆ?"

"ಅಬುಧಾಬಿಗೇ ಹೋಗ್ತಿದ್ದಳು. ನೀನು ದೂಡಿದ್ದೂ ಅಲ್ಲಿಗೇ, ನಾನು ಎಳೆದದ್ದೂ ಅಲ್ಲಿಗೇ. ನೀನು ಆಫೀಸಿಗೆ ಹೋಗು. ನಾನು ಬಸ್ಸಲ್ಲಿ ಕರ್ಕೊಂಡು ಹೋಗ್ತೇನೆ."

ಈ ವಯಸ್ಸಿನಲ್ಲಿ ವಾರಕ್ಕೆ ಎರಡು ಸಲವಾ, ಆ ಬ್ಯಾಗು ಹೊತ್ತುಕೊಂಡಾ ಎಂದು ಮಗಳು ಒಳಗಿನಿಂದ ಕೂಗಿದಳು. ಬ್ಯಾಗು ಹುಡುಗಿ ಹೊರುತ್ತಾಳೆ, ನಾನು ಕೋಲು ಹಿಡಿಯುತ್ತೇನೆ ಎಂದೆ. ಪ್ರೀತಿ ಉಕ್ಕಿ ಹೇಳಿದ ಮಾತಲ್ಲ ಅದು. ನಾನು ಕೆಡಿಸಿದ್ದನ್ನು ಬೇರೆಯವರು ತಿಂಗಳುಗಟ್ಟಲೆ ತಿನ್ನುವುದನ್ನು ನೋಡುತ್ತ ಅದೇ ಮನೆಯಲ್ಲಿ ಕೂರುವುದು ನನ್ನಿಂದ ಆಗುವುದಿಲ್ಲ. ಬಸ್ಸು ಅದಕ್ಕಿಂತ ಸುಲಭ.

ಅಳಿಯ ನನ್ನೊಂದಿಗೆ ನಾಲ್ಕು ದಿನ ಮಾತಾಡಲಿಲ್ಲ. ಆದರೆ ಮುಂದಿನ ಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ಊರಿನವರು ಸಿಕ್ಕಾಗ, ತನ್ನ ಮಗಳು ಡ್ರಾಫ್ಟಿನಲ್ಲಿ ಎಲ್ಲರಿಗಿಂತ ಫಸ್ಟ್ ಎಂದು ಹೇಳುವುದು ನನಗೆ ಕೇಳಿಸಿತು. ಯಾವ ಊರಿನ ತಂಡ, ಅದು ಎಷ್ಟನೆಯ ತಂಡ ಎಂದು ಅವನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಎಲ್ಲರೂ ಅವನ ಬೆನ್ನು ತಟ್ಟಿದರು. ಅವರಲ್ಲಿ ಅರ್ಧ ಜನ ಐಸ್ ಹಾಕಿ ಎಂದರೆ ಶರಬತ್ತಿನ ಕಂಪೆನಿ ಎಂದುಕೊಂಡಿರಬೇಕು.

ಮೊದಲ ಪ್ರಾಕ್ಟೀಸ್ ಸೋಮವಾರ ಸಂಜೆ. ರಶೀದಿಯಾದಿಂದ ಮೆಟ್ರೋ, ಅಲ್ ಗುಬೈಬಾದಲ್ಲಿ ಇಳಿದು ಅಬುಧಾಬಿಯ ಬಸ್ಸು, ಅದು ಎರಡು ಗಂಟೆ. ಹುಡುಗಿ ಶಾಲೆಯಿಂದ ಓಡುತ್ತ ಬಂದಳು. ಮೇಜಿನ ಮೇಲೆ ಅಳಿಯ ಒಂದು ಕಾಗದ ಇಟ್ಟು ಹೋಗಿದ್ದ. ಬಸ್ಸಿನ ಹೊತ್ತುಗಳನ್ನು ಗೆರೆ ಎಳೆದು ಸಾಲಾಗಿ ಬರೆದಿದ್ದ. ನನಗೆ ಓದಲು ಬರಲಿ ಎಂದು ಕನ್ನಡದಲ್ಲಿ, ಮಕ್ಕಳಿಗೆ ಬರೆದ ಹಾಗೆ ದೊಡ್ಡ ಅಕ್ಷರದಲ್ಲಿ. ಮೊದಲನೆಯ ಬಸ್ಸಿನ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಹಾಕಿದ್ದ. ನಾವು ಎರಡನೆಯದರಲ್ಲಿ ಹೋದೆವು. ಹುಡುಗಿ ಇನ್ನೂ ಉಂಡಿರಲಿಲ್ಲ.